ಕಲಾ ವಿಮರ್ಶಕರ ದಿನಚರಿಗೆ ಹಾಡು ಜೋಡಿಸುವುದು ಹೇಗೆ? ನಗೆಹಾಡಿನ ಪಟ್ಟಿಗೊಂದು ಸಮಗ್ರ ಮಾರ್ಗದರ್ಶಿ

ಚಿತ್ರಕಲಾ ಪ್ರದರ್ಶನಗಳ ಬಗ್ಗೆ ಬಹಳ ವರ್ಷ ಅಂಕಣ ಬರೆದ ಗೆಳೆಯರೊಬ್ಬರಿಗೆ ಅರವತ್ತು ತುಂಬಿತು. ಅವರ ಮಗಳು ಫೋನ್ ಮಾಡಿ, "ಅಂಕಲ್, ಅಪ್ಪನ ಬದುಕಿಗೆ ಹೊಂದುವ ಹತ್ತು ಹನ್ನೆರಡು ಹಾಡು ಆರಿಸಿಕೊಡಿ. ಬಂದವರೂ ನಗಬೇಕು, ಅಪ್ಪನೂ ನಗಬೇಕು" ಎಂದಳು. ಒಪ್ಪಿಕೊಂಡೆ. ಬಣ್ಣ, ಚಿತ್ರ, ಕುಂಚ, ಬೊಂಬೆ ಅಂತ ಪದವಿರುವ ಹಾಡುಗಳನ್ನೆಲ್ಲ ಹುಡುಕಿ ಪಟ್ಟಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಇದು ಚಿತ್ರ ಬಿಡಿಸುವವರಿಗೆ ಸರಿ ಅಂಕಲ್. ಅಪ್ಪ ಕುಂಚ ಹಿಡಿದೇ ಇಲ್ಲವಲ್ಲ."

ಆ ಮಾತಿನಿಂದ ನಾನು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಿಮರ್ಶಕರು ನಡೆಯುತ್ತಾರೆ, ನಿಲ್ಲುತ್ತಾರೆ, ನೋಡುತ್ತಾರೆ, ಪದಕ್ಕಾಗಿ ತಡಕಾಡುತ್ತಾರೆ, ಬರೆದದ್ದಕ್ಕೆ ಬೈಸಿಕೊಳ್ಳುತ್ತಾರೆ, ಸಂಭಾವನೆಗೆ ಕಾಯುತ್ತಾರೆ. ಹಾಡು ಹೊಂದಬೇಕಾದದ್ದು ಈ ಕೆಲಸಗಳಿಗೆ. ನಿಮ್ಮ ಬಳಗದಲ್ಲೂ ಇಂಥವರೊಬ್ಬರಿದ್ದು ಅವರ ಹುಟ್ಟುಹಬ್ಬಕ್ಕೋ ಪುಸ್ತಕ ಬಿಡುಗಡೆಯ ನಂತರದ ಊಟಕ್ಕೋ ಹಾಡು ಜೋಡಿಸಬೇಕಿದ್ದರೆ, ಈ ಕ್ರಮ ನಿಮಗೂ ಆದೀತು.

ಹೆಜ್ಜೆ 1: ಮೊದಲು ದಿನಚರಿ ಬರೆಯಿರಿ, ಹಾಡು ಆಮೇಲೆ

ಒಂದು ಹಾಳೆ ತೆಗೆದುಕೊಂಡು ವಿಮರ್ಶಕರ ಒಂದು ವಾರವನ್ನು ಬರೆಯಿರಿ. ಮನೆಯವರನ್ನು ಕೇಳಿ, ಜೊತೆಗೆ ಗ್ಯಾಲರಿಗೆ ಹೋಗುವವರನ್ನು ಕೇಳಿ. ಬೆಂಗಳೂರಿನವರಾದರೆ ಹಾಳೆ ಹೆಚ್ಚುಕಡಿಮೆ ಹೀಗಿರುತ್ತದೆ: ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಒಂದೇ ಸಂಜೆ ಎರಡು ಕಡೆ ಉದ್ಘಾಟನೆ. ಅಲ್ಲಿ ದೀಪ, ಭಾಷಣ, ಕಾಫಿ, ಪರಿಚಯದವರ ಗುಂಪು. ಚಿತ್ರದ ಮುಂದೆ ಜನ ನಿಂತಿರುವುದರಿಂದ ಚಿತ್ರ ಕಾಣುವುದಿಲ್ಲ. ನಿಜವಾಗಿ ನೋಡಬೇಕೆಂದರೆ ಮರುದಿನ ಮಧ್ಯಾಹ್ನ, ಕಾವಲಿನವರು ಮಾತ್ರ ಇರುವಾಗ ಮತ್ತೆ ಬರಬೇಕು. ಜನವರಿಯ ಚಿತ್ರಸಂತೆಯಲ್ಲಂತೂ ರಸ್ತೆಯುದ್ದಕ್ಕೂ ಕಲಾಕೃತಿ. ಕಣ್ಣಿಗಿಂತ ಮೊದಲು ಕಾಲು ಸೋಲುತ್ತದೆ.

ಆಮೇಲೆ ಮನೆಯ ಮೇಜು. ಇಪ್ಪತ್ತು ಕಲಾವಿದರ ಸಮೂಹ ಪ್ರದರ್ಶನಕ್ಕೆ ಪುರವಣಿಯಲ್ಲಿ ಸಿಕ್ಕಿದ ಜಾಗ ನಾನೂರು ಪದ. ಬರೆದು ಕಳಿಸಿದ ಮೇಲೆ ಶೀರ್ಷಿಕೆ ಬದಲಾಗಿರುತ್ತದೆ, ಕೊನೆಯ ಪ್ಯಾರಾ ಹೋಗಿರುತ್ತದೆ. ಪತ್ರಿಕೆ ಬಂದ ಬೆಳಿಗ್ಗೆ, ಹೆಸರು ಬಿಟ್ಟುಹೋದ ಕಲಾವಿದರ ಫೋನ್. ಹೆಸರು ಬಂದವರ ಫೋನ್ ಅದಕ್ಕಿಂತ ಉದ್ದ.

ಇಂಥ ಹತ್ತು ಹನ್ನೆರಡು ಗಳಿಗೆಗಳನ್ನು ಒಂದೊಂದು ಸಾಲಿನಲ್ಲಿ ಬರೆದುಕೊಳ್ಳಿ. "ಸೂಕ್ಷ್ಮ ಮನಸ್ಸಿನವರು", "ಕಲಾಪ್ರೇಮಿ" ಎಂಬಂಥ ಗುಣಗಳನ್ನು ಬರೆಯಬೇಡಿ, ಗುಣಕ್ಕೆ ನಗುವ ಹಾಡು ಸಿಗುವುದಿಲ್ಲ. "ಮೂಲೆಯಲ್ಲಿ ಸಹಿ ಹುಡುಕಲು ಬಗ್ಗಿ ಸೊಂಟ ಹಿಡಿದದ್ದು" ಎಂದು ಬರೆದರೆ ಸಿಗುತ್ತದೆ.

ಹೆಜ್ಜೆ 2: ಪಲ್ಲವಿಯ ಮೊದಲ ಸಾಲನ್ನೇ ನೆಚ್ಚಿಕೊಳ್ಳಿ

ಕೂಟದಲ್ಲಿ ಯಾರೂ ಮೂರನೆಯ ಚರಣದವರೆಗೆ ಕಿವಿ ಕೊಡುವುದಿಲ್ಲ. ನಗು ಹುಟ್ಟುವುದು ಮೊದಲ ಸಾಲು ಕಿವಿಗೆ ಬಿದ್ದು, "ಓ, ಇದು ಅದಕ್ಕೆ!" ಎಂದು ಹೊಳೆಯುವ ಕ್ಷಣದಲ್ಲಿ. ಆದ್ದರಿಂದ ಎಲ್ಲರಿಗೂ ಬಾಯಿಗೆ ಬರುವ ಹಾಡಾಗಿರಬೇಕು, ಮೊದಲ ಸಾಲಿನಲ್ಲೇ ಗಳಿಗೆ ಹಿಡಿಸಬೇಕು. ಅಪರೂಪದ ಹಾಡು ಹುಡುಕಿ ತಂದೆನೆಂಬ ಹೆಮ್ಮೆ ಈ ಕೆಲಸಕ್ಕೆ ಒದಗುವುದಿಲ್ಲ.

ಈ ವಿಷಯದಲ್ಲಿ ಕನ್ನಡಿಗರು ಪುಣ್ಯವಂತರು. ದಾಸರ ಪದ, ಶರೀಫರ ತತ್ವಪದ, ಭಾವಗೀತೆ, ಸಿನಿಮಾ ಹಾಡು, ಈ ನಾಲ್ಕೂ ಕಣಜಗಳ ಮೊದಲ ಸಾಲುಗಳು ನಮ್ಮಲ್ಲಿ ಗಾದೆಯ ಹಾಗೆ ಓಡಾಡುತ್ತವೆ.

ಹೆಜ್ಜೆ 3: ಗಳಿಗೆಗೊಂದು ಹಾಡು

ನನ್ನ ಪಟ್ಟಿಯಲ್ಲಿ ಉಳಿದವನ್ನೂ ಅವು ಉಳಿದ ಕಾರಣವನ್ನೂ ಹೇಳುತ್ತೇನೆ. ನೀವು ಇವನ್ನೇ ಹಾಕಬೇಕೆಂದಿಲ್ಲ.

ಮೊದಲನೆಯದು ಶಿಶುನಾಳ ಶರೀಫರ "ಕೋಡಗನ ಕೋಳಿ ನುಂಗಿತ್ತ". ಹೊಸ ಇನ್‌ಸ್ಟಾಲೇಶನ್ ಅಂದರೆ ವಸ್ತುಗಳನ್ನು ಜೋಡಿಸಿ ಮಾಡಿದ ಕಲಾಕೃತಿಯ ಮುಂದೆ ಮೊದಲ ಸಲ ನಿಂತ ಗಳಿಗೆಗೆ ಇದಕ್ಕಿಂತ ಒಪ್ಪುವ ಹಾಡು ನನಗೆ ಗೊತ್ತಿಲ್ಲ. ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ. ಬಿಳಿ ಗೋಡೆಯ ಗ್ಯಾಲರಿಯಲ್ಲಿ ಆ "ಗೋಡೆ ಸುಣ್ಣವ ನುಂಗಿ" ಬಂದಾಗ ಕಲಾವಿದರೇ ಮೊದಲು ನಗುತ್ತಾರೆ. ಈ ಆಯ್ಕೆಯಲ್ಲಿ ಇನ್ನೊಂದು ಸೊಗಸಿದೆ. ಶರೀಫರ ಪದ ಹೊರಗೆ ಒಗಟು, ಒಳಗೆ ತತ್ವ. ಅರ್ಥವಾಗದ್ದನ್ನು ಕಂಡು ನಕ್ಕು ಎದ್ದುಹೋಗದೆ, ಒಳಗೇನಿದೆ ಎಂದು ಕೂತು ನೋಡುವುದೇ ವಿಮರ್ಶಕರ ಕಸುಬು. ನಗಿಸುತ್ತಲೇ ಕಸುಬಿಗೆ ಮರ್ಯಾದೆ ಕೊಡುವ ಇಂಥ ಹಾಡು ಸಿಕ್ಕಿದರೆ ಬಿಡಬೇಡಿ.

ಶರೀಫರದೇ "ತರವಲ್ಲ ತಗಿ ನಿನ್ನ ತಂಬೂರಿ, ಸ್ವರ ಬರದೆ ಬಾರಿಸದಿರು ತಂಬೂರಿ" ಇನ್ನೊಂದು. ಇದು ಹಾಡಿನ ರೂಪದಲ್ಲಿರುವ ಕಟು ವಿಮರ್ಶೆಯೇ ಸರಿ. ನಾನೂರು ಪದಗಳಲ್ಲಿ ಸುತ್ತಿ ಬಳಸಿ ಹೇಳಿದ್ದನ್ನು ಒಂದು ಸಾಲಿನಲ್ಲಿ ಹೇಳಿಬಿಡುತ್ತದೆ. ತಂಬೂರಿ ಇಲ್ಲಿ ಈ ದೇಹವೇ ಎಂದು ಬಲ್ಲವರಿಗೆ ಗೊತ್ತು. ಹಾಗಾಗಿ ಬಾಣ ಯಾರೊಬ್ಬರಿಗೂ ನೆಡುವುದಿಲ್ಲ. ವಿಮರ್ಶಕರು ಬರೆಯಲು ಕೂತ ಗಳಿಗೆಗೆ ಇದನ್ನು ಇಡಿ.

ಅಮೂರ್ತ ಚಿತ್ರದ ಮುಂದೆ ಹತ್ತು ನಿಮಿಷ ನಿಂತದ್ದಕ್ಕೆ ಕನಕದಾಸರ "ನೀ ಮಾಯೆಯೊಳಗೊ ನಿನ್ನೊಳು ಮಾಯೆಯೊ". ಇಲ್ಲಿ ಮಾತ್ರ ಪಲ್ಲವಿಯ ನಿಯಮ ಮೀರಿ ಮುಂದಕ್ಕೆ ಹೋಗಿ. ಕಣ್ಣು ಬುದ್ಧಿಯೊಳಗೋ ಬುದ್ಧಿ ಕಣ್ಣಿನೊಳಗೋ ಎಂದು ಕನಕದಾಸರು ಕೇಳುವ ಜಾಗ ಬರುತ್ತದೆ. ಚಿತ್ರ ನೋಡುವ ವಿದ್ಯೆಯ ಬಗ್ಗೆ ಕನ್ನಡದಲ್ಲಿ ಬಂದ ಅತ್ಯಂತ ದೊಡ್ಡ ಪ್ರಶ್ನೆ ಇದೇ ಎಂದು ನಾನು ನಂಬಿದ್ದೇನೆ. ನಗು ಬರುವುದು ಸಂದರ್ಭಕ್ಕೆ, ನಕ್ಕ ಮೇಲೂ ಸಾಲು ಮನಸ್ಸಿನಲ್ಲಿ ಉಳಿಯುತ್ತದೆ.

ಸಹಿ ಹುಡುಕಿ ಬಗ್ಗುವ ಗಳಿಗೆಗೆ ಕುವೆಂಪು ಅವರ "ದೇವರು ರುಜು ಮಾಡಿದನು". ಹಾರುವ ಬೆಳ್ಳಕ್ಕಿಯ ಸಾಲಿನಲ್ಲಿ ಕವಿಗೆ ಸೃಷ್ಟಿಕರ್ತನ ರುಜು ಕಂಡಿತು. ನಮ್ಮ ಗೆಳೆಯರಿಗೆ ಕ್ಯಾನ್ವಾಸಿನ ಬಲಮೂಲೆಯಲ್ಲಿ ಅದು ಎಷ್ಟೋ ಸಲ ಕಂಡಿಲ್ಲ.

ಉದ್ಘಾಟನೆಯ ಪಕೋಡ ಕಾಫಿಗೆ ಕನಕದಾಸರ "ಎಲ್ಲಾರು ಮಾಡುವುದು ಹೊಟ್ಟೆಗಾಗಿ". ಸಂಭಾವನೆಯ ನಿರೀಕ್ಷೆಗೆ 1974ರ 'ಎರಡು ಕನಸು' ಚಿತ್ರದ "ಎಂದು ನಿನ್ನ ನೋಡುವೆ". ಇವೆರಡನ್ನೂ ವಿವರಿಸಬೇಕಿಲ್ಲ. ನಮ್ಮ ಮನೆಯ ಕೂಟದಲ್ಲಿ ಅತಿ ದೊಡ್ಡ ನಗು ಬಂದದ್ದು ಎರಡನೆಯದಕ್ಕೆ. ಬಂದವರಲ್ಲಿ ಅರ್ಧಕ್ಕರ್ಧ ಬರೆದು ಬದುಕುವವರು.

ಮುನಿಸಿಕೊಂಡ ಕಲಾವಿದರಿಗೆ 1972ರ 'ನಾಗರಹಾವು' ಚಿತ್ರದ "ಹಾವಿನ ದ್ವೇಷ ಹನ್ನೆರಡು ವರುಷ" ಇದ್ದೇ ಇದೆ. ಅದರ ಬೆನ್ನಿಗೇ ವಿಮರ್ಶಕರ ಪರವಾಗಿ 1974ರ 'ಸಂಪತ್ತಿಗೆ ಸವಾಲ್' ಚಿತ್ರದ "ಯಾರೇ ಕೂಗಾಡಲಿ" ಹಾಕಿ. ಎಮ್ಮೆಯ ಮೇಲೆ ಕೂತು ರಾಜಕುಮಾರ್ ಹಾಡುವ ದೃಶ್ಯ ಎಲ್ಲರ ಕಣ್ಣ ಮುಂದಿರುವುದರಿಂದ, ಊರೇ ಹೋರಾಡಿದರೂ ನೆಮ್ಮದಿಯಾಗಿ ಮುಂದಿನ ಪ್ರದರ್ಶನಕ್ಕೆ ಹೊರಟ ವಿಮರ್ಶಕರ ಚಿತ್ರ ತಾನಾಗಿಯೇ ಮೂಡುತ್ತದೆ. ಈ ಎರಡು ಹಾಡು ಜೋಡಿಯಾಗಿಯೇ ಬರಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಸಪ್ಪೆ.

ಹರಾಜಿನ ಸುದ್ದಿಗೆ ಬೇಂದ್ರೆಯವರ "ಕುರುಡು ಕಾಂಚಾಣಾ". ಎಂ.ಎಫ್. ಹುಸೇನರ 1954ರ 'ಗ್ರಾಮಯಾತ್ರೆ' ವರ್ಣಚಿತ್ರ 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 1.37 ಕೋಟಿ ಡಾಲರಿಗೆ ಹೋಯಿತು. ಅಂಥ ದಿನ ವಿಮರ್ಶಕರಿಗೆ ಬರುವ ಫೋನುಗಳೆಲ್ಲ ಬೆಲೆಯ ಬಗ್ಗೆಯೇ. ಚಿತ್ರದಲ್ಲಿ ಏನಿದೆ ಎಂದು ಕೇಳುವವರು ಕಡಿಮೆ. ಬೇಂದ್ರೆಯವರ ಕಾಂಚಾಣ ಕುಣಿಯುತ್ತ ಕಾಲಿಗೆ ಬಿದ್ದವರನ್ನು ತುಳಿಯುತ್ತ ಹೋಗುವುದರಿಂದ ಈ ನಗೆಯಲ್ಲಿ ಸ್ವಲ್ಪ ಕಹಿ ಇರುತ್ತದೆ. ಇರಲಿ, ಹನ್ನೆರಡರಲ್ಲಿ ಒಂದು ಹಾಡಿಗೆ ಕಹಿ ಬೇಕು.

ಹುಸೇನರ ಹೆಸರು ಬಂದ ಮೇಲೆ ಅವರು ಮತ್ತೆ ಮತ್ತೆ ಬಿಡಿಸಿದ ಕುದುರೆಗಳನ್ನು ಬಿಡುವ ಹಾಗಿಲ್ಲ. ಶರೀಫರ "ಎಂಥಾ ಮೋಜಿನ ಕುದುರಿ" ಅಲ್ಲಿಗೆ ತಾನೇ ಬಂದು ನಿಲ್ಲುತ್ತದೆ.

ಹೆಜ್ಜೆ 4: ವಿಮರ್ಶಕರ ಮೇಲೆಯೇ ಕಟ್ಟಿದ ಹಾಡುಗಳನ್ನೂ ನೋಡಿ

ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೊಂದು ಪರಂಪರೆಯೇ ಇದೆ. ಆಸ್ಟ್ರಿಯಾದ ಸಂಗೀತ ರಚನಕಾರ ಗುಸ್ತಾವ್ ಮಾಹ್ಲರ್ 1896ರಲ್ಲಿ ಒಂದು ಜನಪದ ಕವನಕ್ಕೆ ರಾಗ ಹಾಕಿದರು. ಕುಕ್ಕೂ ಹಕ್ಕಿಗೂ ನೈಟಿಂಗೇಲಿಗೂ ಹಾಡಿನ ಪಂದ್ಯ. ತೀರ್ಪು ಹೇಳಲು ಕತ್ತೆಯೇ ಆಗಬೇಕೆಂದು ಕುಕ್ಕೂ ಹೇಳುತ್ತದೆ, ಯಾಕೆಂದರೆ ಕತ್ತೆಗೆ ಕಿವಿ ದೊಡ್ಡದು, ಚೆನ್ನಾಗಿ ಕೇಳಿಸುತ್ತದೆ. ನೈಟಿಂಗೇಲ್ ಹಾಡಿದ್ದು ಕತ್ತೆಗೆ ತಲೆಗೆ ಹತ್ತುವುದಿಲ್ಲ. ತಾಳ ತಪ್ಪದೆ ಕೂಗಿದ ಕುಕ್ಕೂಗೆ ಗೆಲುವು. ಕೊನೆಗೆ ಗಾಯಕರೇ ಕತ್ತೆಯ ಹಾಗೆ ಅರಚಬೇಕು. ಮಾಹ್ಲರ್ ಮೊದಲು ಇದಕ್ಕೆ 'ವಿಮರ್ಶೆಯ ಗುಣಗಾನ' ಎಂಬರ್ಥದ ಹೆಸರಿಟ್ಟು, ಆಮೇಲೆ 'ಘನ ಬುದ್ಧಿಯ ಗುಣಗಾನ' ಎಂದು ಬದಲಿಸಿದರು.

ಇದನ್ನು ಕನ್ನಡ ಕೂಟದಲ್ಲಿ ಹಾಕುವಾಗ ಒಂದು ಎಚ್ಚರ ಬೇಕು. ಕುಕ್ಕೂ ಎಂದರೆ ಕೋಗಿಲೆ ಎಂದು ಹೇಳಿಬಿಟ್ಟರೆ ಕಥೆಯೇ ಕೆಡುತ್ತದೆ. ನಮ್ಮ ಕೋಗಿಲೆ ಇಂಪಿಗೆ ಹೆಸರಾದ ಹಕ್ಕಿ. ಕೇಳುವವರು "ಕತ್ತೆಯ ತೀರ್ಪು ಸರಿಯಾಗಿಯೇ ಇದೆಯಲ್ಲ" ಎಂದುಕೊಳ್ಳುತ್ತಾರೆ. ಯುರೋಪಿನ ಕುಕ್ಕೂ ಕೂಗುವುದು ಎರಡೇ ಸ್ವರ, ಗಡಿಯಾರದಲ್ಲಿ ಹೊರಗೆ ಬಂದು ಕೂಗುವ ಹಕ್ಕಿ ಅದೇ ಎಂದು ಮೊದಲೇ ಹೇಳಿ. ಹಾಡು ಮೂರು ನಿಮಿಷದೊಳಗೆ ಮುಗಿಯುತ್ತದೆ, ಪೂರ್ತಿ ಹಾಕಬಹುದು.

ರಷ್ಯಾದ ಸಂಗೀತ ರಚನಕಾರ ಮೂಸರ್ಗ್‌ಸ್ಕಿ 1870ರಲ್ಲಿ 'ರಯೋಕ್' ಬರೆದರು. ಜಾತ್ರೆಯಲ್ಲಿ ಪೆಟ್ಟಿಗೆಯ ಕಿಂಡಿಯೊಳಗೆ ಚಿತ್ರ ತೋರಿಸುತ್ತ ಕೂಗುವವನ ಧಾಟಿಯಲ್ಲಿ, ತಮ್ಮನ್ನು ಟೀಕಿಸುತ್ತಿದ್ದ ಸಂಗೀತ ವಿಮರ್ಶಕರನ್ನು ಒಬ್ಬೊಬ್ಬರಾಗಿ ಆಡಿಕೊಳ್ಳುವ ಹಾಡು ಅದು. ಭಾಷೆಯ ತೊಡಕಿನಿಂದ ನಮ್ಮಲ್ಲಿ ಅಷ್ಟು ರಂಜಿಸುವುದಿಲ್ಲ. ಆದರೆ ಅವರದೇ 'ಪ್ರದರ್ಶನದ ಚಿತ್ರಗಳು' ಖಂಡಿತ ಬೇಕು. ಕಲಾವಿದ ಗೆಳೆಯ ವಿಕ್ಟರ್ ಹಾರ್ಟ್‌ಮನ್ ತೀರಿಕೊಂಡ ಮೇಲೆ ವಿಮರ್ಶಕ ವ್ಲಾದಿಮಿರ್ ಸ್ತಾಸೊವ್ ಮುಂದೆ ನಿಂತು ಅವರ ಕೃತಿಗಳ ಪ್ರದರ್ಶನ ಏರ್ಪಡಿಸಿದರು. ಅದನ್ನು ನೋಡಿಬಂದು ಮೂಸರ್ಗ್‌ಸ್ಕಿ 1874ರಲ್ಲಿ ಇದನ್ನು ಪಿಯಾನೋಗೆ ಬರೆದು ಸ್ತಾಸೊವ್ ಅವರಿಗೇ ಅರ್ಪಿಸಿದರು. ಚಿತ್ರದಿಂದ ಚಿತ್ರಕ್ಕೆ ನಡೆಯುವ ಹೆಜ್ಜೆಗೆ 'ಪ್ರಾಮನಾಡ್' ಎಂಬ ತುಣುಕಿದೆ, ಅದು ಮತ್ತೆ ಮತ್ತೆ ಬರುತ್ತದೆ. ಐದರ ಎಣಿಕೆ, ಆರರ ಎಣಿಕೆ ಬದಲಾಗುತ್ತ ಹೋಗುವುದರಿಂದ ನಡಿಗೆ ಒಂದೇ ಸಮ ಇರುವುದಿಲ್ಲ. ಒಂದು ಕಡೆ ನಿಂತು, ಇನ್ನೊಂದು ಕಡೆ ಹಿಂದೆ ಸರಿದು ನೋಡುವವರ ಕಾಲೇ ಅದು. ನಿಮ್ಮ ವಿಮರ್ಶಕರು ಕೋಣೆಗೆ ಬರುವಾಗ ಇದನ್ನು ಹಾಕಿ. ಗ್ಯಾಲರಿಯಲ್ಲಿ ಅವರ ಜೊತೆ ನಡೆದವರಿಗೆಲ್ಲ ಗುರುತು ಸಿಗುತ್ತದೆ.

ಹಾಡಿನ ನಡುವೆ ಹೇಳಲು ಇತಿಹಾಸದ ಒಂದೆರಡು ಕಥೆ ಇಟ್ಟುಕೊಂಡರೆ ಒಳ್ಳೆಯದು. 1874ರಲ್ಲಿ ಲೂಯಿ ಲೆರುವಾ ಎಂಬ ವಿಮರ್ಶಕರು ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ ಅವರ 'ಇಂಪ್ರೆಷನ್, ಸನ್‌ರೈಸ್' ಚಿತ್ರದ ಹೆಸರನ್ನೇ ಹಿಡಿದು ಆ ಕಲಾವಿದರನ್ನು ಇಂಪ್ರೆಷನಿಸ್ಟರು ಎಂದು ಹಂಗಿಸಿದರು. ಹಂಗಿಸಿದ ಹೆಸರೇ ಶಾಶ್ವತವಾಯಿತು. 1877ರಲ್ಲಿ ಇಂಗ್ಲೆಂಡಿನ ವಿಮರ್ಶಕ ಜಾನ್ ರಸ್ಕಿನ್, ಚಿತ್ರಕಾರ ವಿಸ್ಲರ್ ಅವರು ಬಣ್ಣದ ಗಡಿಗೆಯನ್ನು ಸಾರ್ವಜನಿಕರ ಮುಖಕ್ಕೆ ಎರಚಿ ಇನ್ನೂರು ಗಿನಿ ಕೇಳುತ್ತಾರೆ ಎಂದು ಬರೆದರು. ವಿಸ್ಲರ್ ಮಾನನಷ್ಟ ಮೊಕದ್ದಮೆ ಹೂಡಿ ಮರುವರ್ಷ ಗೆದ್ದರು. ಸಿಕ್ಕಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. "ಹಾವಿನ ದ್ವೇಷ" ಹಾಡಿಗೆ ಮುನ್ನ ಈ ಮೊಕದ್ದಮೆಯ ಕಥೆ ಹೇಳಿ ನೋಡಿ.

ಹೆಜ್ಜೆ 5: ಪೂರ್ತಿ ಹಾಡು ಓದಿ, ಅದು ಹುಟ್ಟಿದ ಕಥೆ ಕೇಳಿ

ಈ ಹೆಜ್ಜೆ ಯಾವ ಕಾರಣಕ್ಕೂ ಬಿಡಬಾರದು. ವ್ಯಕ್ತಿಚಿತ್ರಗಳ ಪ್ರದರ್ಶನದಲ್ಲಿ ಕಣ್ಣುಗಳೆಲ್ಲ ವಿಮರ್ಶಕರನ್ನೇ ನೋಡುತ್ತಿರುವ ಗಳಿಗೆಗೆ ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ಚೆನ್ನಾಗಿ ಕೂರುತ್ತದೆಂದು ಯಾರಿಗಾದರೂ ಹೊಳೆಯಬಹುದು. ನನ್ನ ಎರಡನೆಯ ಪಟ್ಟಿಯಲ್ಲಿ ಅದಿತ್ತು. ಆದರೆ ಅದು ಮಗುವನ್ನು ಕಳೆದುಕೊಂಡ ತಂದೆ, ಆ ತಾಯಿಯ ನೋಟವನ್ನು ಎದುರಿಸಲಾರದೆ ಆಡಿದ ಮಾತು. ಬೇಂದ್ರೆ ದಂಪತಿಯ ಸ್ವಂತ ಸಂಕಟದಿಂದ ಬಂದ ಕವನ. ಅದನ್ನು ನಗೆಗೆ ಬಳಸುವುದು ತಪ್ಪು. ಕೂಟದಲ್ಲಿ ಅಂಥದೇ ನೋವುಂಡ ಒಬ್ಬರಿದ್ದರಂತೂ ಕ್ಷಮೆಯೇ ಇಲ್ಲ. ಆ ಸಾಲನ್ನು ನಾನು ಪಟ್ಟಿಯಿಂದ ಹೊಡೆದುಹಾಕಿದೆ.

ಹಾಗೆಯೇ 1982ರ 'ಚಲಿಸುವ ಮೋಡಗಳು' ಚಿತ್ರದ "ಕಾಣದಂತೆ ಮಾಯವಾದನು". ಭಾಷಣ ಶುರುವಾಗುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ನಮ್ಮ ಗೆಳೆಯರು ಜಾರಿಕೊಳ್ಳುವುದಕ್ಕೆ ಅದು ಒಂದು ಕಾಲದಲ್ಲಿ ಹೇಳಿ ಮಾಡಿಸಿದ ಹಾಡಾಗಿತ್ತು. ಬಾಲಕನಾಗಿ ಅದನ್ನು ಹಾಡಿದ ಪುನೀತ್ 2021ರಲ್ಲಿ ಹೋದ ಮೇಲೆ, ಆ ಪಲ್ಲವಿ ಕೇಳಿದರೆ ಜನರ ಗಂಟಲು ಕಟ್ಟುತ್ತದೆ. ಹಾಡು ಅದೇ, ಕಿವಿ ಬದಲಾಗಿದೆ. ಇಂಥವನ್ನು ಪಟ್ಟಿ ಮಾಡುವವರು ಗಮನಿಸಲೇಬೇಕು.

ಹೆಜ್ಜೆ 6: ನಗು ಯಾರ ಮೇಲೆ ಬೀಳುತ್ತದೆ, ನೋಡಿಕೊಳ್ಳಿ

ಪುರಂದರದಾಸರ "ನಿಂದಕರಿರಬೇಕು" ವಿಮರ್ಶಕರ ವಿಷಯಕ್ಕೆ ಎಲ್ಲರಿಗೂ ಮೊದಲು ನೆನಪಾಗುವ ಪದ. ಕೇರಿ ಶುದ್ಧವಾಗಲು ಹಂದಿ ಇರಬೇಕಾದ ಹಾಗೆ ನಿಂದಕರಿರಬೇಕು ಎನ್ನುತ್ತಾರೆ ದಾಸರು. ಇದನ್ನು ನೀವಾಗಿ ಹಾಕಬೇಡಿ. ವಿಮರ್ಶೆ ನಿಂದೆಯಲ್ಲ. ಅದೆರಡೂ ಒಂದೇ ಎಂಬ ಮಾತು ಕೇಳಿ ಕೇಳಿ ವಿಮರ್ಶಕರು ಬಹಳ ನೊಂದಿರುತ್ತಾರೆ. ಹಿಂದೆ ಕೆಟ್ಟ ವಿಮರ್ಶೆ ಪಡೆದ ಕಲಾವಿದರು ಎದುರಿಗೆ ಕೂತಿದ್ದಾಗ ಅದು ತಮಾಷೆಯಾಗಿ ಉಳಿಯುವುದಿಲ್ಲ. ವಿಮರ್ಶಕರೇ "ಅದನ್ನೂ ಹಾಕಿ" ಎಂದರೆ ಆಗ ಸರಿ. ನಮ್ಮ ಗೆಳೆಯರು ತಾವೇ ಕೇಳಿದರು, ಪಲ್ಲವಿಗೆ ತಾಳವನ್ನೂ ಹಾಕಿದರು.

ನಿಸಾರ್ ಅಹಮದರ "ಕುರಿಗಳು ಸಾರ್ ಕುರಿಗಳು" ಕೂಡ ಹೀಗೆಯೇ ಯೋಚಿಸಿ ಹಾಕಬೇಕಾದದ್ದು. ಒಬ್ಬರು ಚೆನ್ನಾಗಿದೆ ಎಂದರೆ ಎಲ್ಲರೂ ಅದೇ ಚಿತ್ರದ ಮುಂದೆ ಸಾಲುಗಟ್ಟುವುದಕ್ಕೆ ಅದು ಹೊಂದುತ್ತದೆ ನಿಜ. ಆದರೆ ಸಾಲುಗಟ್ಟಿದವರೂ ಕೋಣೆಯಲ್ಲಿರುತ್ತಾರೆ. ಕವಿ ತಮ್ಮನ್ನೂ ಹಿಂಡಿನೊಳಗೆ ಸೇರಿಸಿಕೊಂಡೇ ಮಾತಾಡಿದ್ದಾರೆ. ನೀವು ಪೀಠಿಕೆ ಹೇಳುವಾಗ "ನಾವು" ಎನ್ನಿ, "ಜನ" ಎನ್ನಬೇಡಿ. ಆ ಒಂದು ಪದದಿಂದ ಇಡೀ ಕೋಣೆ ನಗುತ್ತದೆ.

ಹೆಜ್ಜೆ 7: ಅನುಕ್ರಮ, ಸಮಯ, ಪೀಠಿಕೆ

ಹನ್ನೆರಡು ಹಾಡು ಸಾಕು. ಪ್ರತಿಯೊಂದರ ಪಲ್ಲವಿ ಮತ್ತು ಒಂದು ಚರಣ, ಒಂದೂವರೆ ನಿಮಿಷದಷ್ಟು. ನಡುವಿನ ಮಾತೂ ಸೇರಿ ಅರ್ಧ ಗಂಟೆಯಲ್ಲಿ ಮುಗಿಯಬೇಕು. ಮೊಬೈಲಿನಲ್ಲಿ ಹಾಡನ್ನು ಬೇಕಾದ ಜಾಗಕ್ಕೆ ಕತ್ತರಿಸಿ ಮೊದಲೇ ಇಟ್ಟುಕೊಳ್ಳಿ. ಅಲ್ಲೇ ಹುಡುಕುತ್ತ ಕೂತರೆ ಜಾಹೀರಾತು ಬಂದು ಲಯ ಕೆಡುತ್ತದೆ. ಮನೆಯ ಕೂಟಕ್ಕೆ ಇಷ್ಟು ಸಾಕು. ಸಭಾಂಗಣದಲ್ಲಿ ಮಾಡುವುದಾದರೆ ಹಾಡು ನುಡಿಸಲು ಪರವಾನಗಿ ಇದೆಯೇ ಎಂದು ಅಲ್ಲಿನವರನ್ನು ಕೇಳಿಕೊಳ್ಳಿ.

ದಿನಚರಿಯ ಕ್ರಮದಲ್ಲೇ ಹಾಡು ಬರಲಿ: ಒಳಗೆ ಬರುವುದು, ನೋಡುವುದು, ತಿನ್ನುವುದು, ಬರೆಯುವುದು, ಬೈಸಿಕೊಳ್ಳುವುದು, ಕಾಯುವುದು. ಪ್ರತಿ ಹಾಡಿಗೆ ಮುನ್ನ ಒಂದೇ ಒಂದು ವಾಕ್ಯ. "ಸೋಮವಾರ ಬೆಳಿಗ್ಗೆ ಏಳು ಗಂಟೆ, ಪತ್ರಿಕೆ ಬಂದಿದೆ, ಫೋನ್ ಬಡಿದುಕೊಳ್ಳುತ್ತಿದೆ" ಎಂದು ಹೇಳಿ ಹಾಡು ಹಾಕಿ. ಯಾಕೆ ಹೊಂದುತ್ತದೆಂದು ವಿವರಿಸಿದರೆ ನಗು ಸಾಯುತ್ತದೆ.

ಕೊನೆಯ ಹಾಡು ನಗಿಸುವುದು ಬೇಡ. ನಾನು ಇಟ್ಟದ್ದು ಜಿ.ಎಸ್. ಶಿವರುದ್ರಪ್ಪನವರ "ಎದೆ ತುಂಬಿ ಹಾಡಿದೆನು ಅಂದು ನಾನು". ಅವರು ಕವಿಯಷ್ಟೇ ದೊಡ್ಡ ವಿಮರ್ಶಕರೂ ಹೌದು, 'ವಿಮರ್ಶೆಯ ಪೂರ್ವ ಪಶ್ಚಿಮ' ಬರೆದವರು. ಎಲ್ಲರೂ ಕೇಳಲಿ ಎಂದು ಹಾಡುವುದಿಲ್ಲ, ಹಾಡುವುದು ತನಗೆ ಅನಿವಾರ್ಯ ಕರ್ಮ ಎಂಬ ಆ ಮಾತು, ವಾರಕ್ಕೆ ನಾನೂರು ಪದ ಬರೆಯುತ್ತ ಬಂದವರಿಗೆ ಹಾಗೆಯೇ ಒಪ್ಪುತ್ತದೆ. ಇದನ್ನು ಕತ್ತರಿಸದೆ ಪೂರ್ತಿ ಹಾಕಿ.

ಪಟ್ಟಿಯನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಪಕ್ಕದಲ್ಲಿ ಬರೆಯಲು ಜಾಗ ಬಿಟ್ಟು, ಪೆನ್ಸಿಲ್ ಸಮೇತ ವಿಮರ್ಶಕರ ಕೈಗೆ ಕೊಡಿ. ನಮ್ಮ ಗೆಳೆಯರು ಪ್ರತಿ ಹಾಡಿನ ಮುಂದೆಯೂ ಷರಾ ಬರೆದರು. ತಂಬೂರಿ ಇನ್ನೂ ಮೊದಲು ಬರಬೇಕಿತ್ತು ಎಂದಿತ್ತು ಒಂದು ಕಡೆ. ಸಹಿಯ ಹಾಡಿನ ಎದುರಿಗೆ, ಹಾಳೆಯ ಬಲಮೂಲೆಯಲ್ಲಿ, ತಮ್ಮ ರುಜು ಹಾಕಿದ್ದರು. ಆ ಹಾಳೆಗೆ ಮಗಳು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾಳೆ.